ಹೂಂಗುಟ್ಟುವ ಕಿವಿ

ಸಂಭಾಷಣೆಯ ಧ್ವನಿಮುದ್ರಣವನ್ನು ಸಂಪಾದನೆಯ ತಂತ್ರಾಂಶದಲ್ಲಿ ತೆರೆದರೆ ಮಾತು ಪರದೆಯ ಮೇಲೆ ಗುಡ್ಡಗಳ ಸಾಲಿನಂತೆ ಕಾಣುತ್ತದೆ. ಹೇಳುವವರ ದನಿ ಎತ್ತರದ ಗುಡ್ಡಗಳಾಗಿ ನಿಂತಿದ್ದರೆ, ಅವುಗಳ ನಡುವಿನ ತಗ್ಗಿನಲ್ಲಿ ಅಲ್ಲಲ್ಲಿ ಪುಟ್ಟ ದಿಬ್ಬಗಳು ಎದ್ದಿರುತ್ತವೆ. ಕೇಳುತ್ತಿರುವವರು ನಡುನಡುವೆ ಆಡಿದ "ಹೂಂ", "ಹಾಂ", "ಹೌದಾ", "ಅಯ್ಯೋ"ಗಳೇ ಆ ದಿಬ್ಬಗಳು. ಮಲೆನಾಡಿನ ಸಾಗರದ ಕಡೆ ಇರುವ ನನ್ನ ಸೋದರತ್ತೆಯನ್ನು ಕೂರಿಸಿಕೊಂಡು ಕೊನೆ, ಹಾಳೆ, ಮೆಟ್ಟುಗತ್ತಿ, ಚೊಗರು ಎಂದು ಅಡಿಕೆ ಸುಗ್ಗಿಯ ಮಾತುಗಳನ್ನೆಲ್ಲ ಒಂದು ಪಾಡ್‌ಕಾಸ್ಟ್ ಕಂತಿಗಾಗಿ ಮುದ್ರಿಸಿಕೊಂಡ ಮೇಲೆ, ನಾನು ಮೊದಲು ಮಾಡಿದ ಕೆಲಸವೆಂದರೆ ಆ ದಿಬ್ಬಗಳನ್ನೆಲ್ಲ ಅಳಿಸಿ ಹಾಕಿದ್ದು. ನನ್ನ "ಹೂಂ"ಗಳು ಅತ್ತೆಯ ಮಾತಿಗೆ ಅಡ್ಡ ಬರುತ್ತಿವೆಯೆಂದೇ ನಾನು ತಿಳಿದಿದ್ದೆ. ಶುದ್ಧಗೊಳಿಸಿದ ಕಂತನ್ನು ಕೇಳಿದ ಅತ್ತೆ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ನಾನೊಬ್ಳೇ ಮಾತಾಡ್ಕೊಂಡ ಹಾಗಿದ್ಯಲ್ಲೋ, ನೀನೆಲ್ಲಿ ಹೋಗಿದ್ದೆ?"

ಅತ್ತೆಯ ಪ್ರಶ್ನೆಯಲ್ಲಿ ಭಾಷಾವಿಜ್ಞಾನದ ಒಂದು ದೊಡ್ಡ ಸಂಗತಿ ಅಡಗಿದೆಯೆಂಬುದು ನನಗೆ ತಿಳಿದದ್ದು ಆಮೇಲೆ, ಈ ವಿಷಯದ ಸಂಶೋಧನೆಗಳನ್ನು ಓದತೊಡಗಿದಾಗ. ಮಾತು ಎಂಬುದು ಹೇಳುವವರ ಸೊತ್ತು, ಕೇಳುವವರು ಅದನ್ನು ಬರಿದೇ ತುಂಬಿಸಿಕೊಳ್ಳುವ ಪಾತ್ರೆ ಎಂಬ ಎಣಿಕೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಆದರೆ ಕಳೆದ ಐದು ದಶಕಗಳ ಅಧ್ಯಯನಗಳು ಬೇರೆಯದನ್ನೇ ಹೇಳುತ್ತವೆ: ಮಾತನ್ನು ಕೇಳುವವರೂ ಕೂಡಿ ಕಟ್ಟುತ್ತಾರೆ. ಭಾಷೆಯ ಬಗ್ಗೆ, ಸಂವಹನದ ಬಗ್ಗೆ ಇಂದು ಬರುತ್ತಿರುವ ಪಾಡ್‌ಕಾಸ್ಟ್‌ಗಳನ್ನು ಗಮನವಿಟ್ಟು ಕೇಳಿದರೆ ಆ ಮಾತು ಕಿವಿಗೇ ನಿಚ್ಚಳವಾಗುತ್ತದೆ.

ಕನ್ನಡಕ್ಕೆ ಇದು ಹೊಸತೇನಲ್ಲ. ಕಿವಿಯಲ್ಲಿ ಮೆಲ್ಲಗೆ ಹೇಳುವುದು ಪಿಸುಗುಟ್ಟುವುದು, ಮರುಕದಿಂದ ನಾಲಗೆಯನ್ನು ಸದ್ದು ಮಾಡುವುದು ಲೊಚಗುಟ್ಟುವುದು, ಕಥೆ ಕೇಳುತ್ತ "ಹೂಂ" ಎನ್ನುವುದು ಹೂಂಗುಟ್ಟುವುದು. ಕೇಳುವವರ ಸದ್ದಿಗೆ ನಮ್ಮ ಭಾಷೆ ಪ್ರತ್ಯೇಕ ಕ್ರಿಯಾಪದವನ್ನೇ ಕಟ್ಟಿಕೊಂಡಿದೆ. ಹೂಂಗುಟ್ಟುವವರಿಲ್ಲದಿದ್ದರೆ ಕಥೆ ಮುಂದುವರಿಯುವುದಿಲ್ಲವೆಂಬುದು ಅಜ್ಜಿಯರಿಂದ ಕಥೆ ಕೇಳಿ ಬೆಳೆದವರಿಗೆಲ್ಲ ಗೊತ್ತಿರುವ ಕಟ್ಟಳೆ. ದೀಪ ಆರಿಸಿದ ಕೋಣೆಯಲ್ಲಿ "ಹೂಂ" ನಿಂತರೆ ಮಗು ಮಲಗಿದೆ ಎಂದು ಅರ್ಥ. ಅದೇ ಸದ್ದು ಏರುದನಿಯಲ್ಲಿ ಬಂದರೆ ಪ್ರಶ್ನೆಯಾಗುತ್ತದೆ, "ಊಂಹೂಂ" ಎಂದು ಮುರಿದು ಬಂದರೆ ನಿರಾಕರಣೆಯಾಗುತ್ತದೆ, ಎಳೆದು ಬಂದರೆ ಅರೆಮನಸ್ಸಿನ ಒಪ್ಪಿಗೆಯಾಗುತ್ತದೆ. ಬಾಯಿ ತೆರೆಯದೆ ಆಡಬಹುದಾದ ಇಷ್ಟು ಸಣ್ಣ ಸದ್ದಿನಲ್ಲಿ ಇಷ್ಟೊಂದು ಅರ್ಥಗಳಿದ್ದರೂ ಬರೆಹದಲ್ಲಿ ಅದಕ್ಕೆ ಸಿಗುವುದು ಒಂದೇ ಒಂದು ಕಾಗುಣಿತ.

ಪಾಶ್ಚಾತ್ಯ ಭಾಷಾವಿಜ್ಞಾನದಲ್ಲಿ ಈ ಸದ್ದುಗಳಿಗೆ ಹೆಸರು ಬಂದದ್ದು ತಡವಾಗಿ. 1970ರಲ್ಲಿ ಅಮೆರಿಕದ ಭಾಷಾವಿಜ್ಞಾನಿ ವಿಕ್ಟರ್ ಇಂಗ್ವೆ ಇವನ್ನು "ಬ್ಯಾಕ್ ಚಾನೆಲ್" ಎಂದು ಕರೆದರು. ಮಾತಿನ ಮುಖ್ಯ ಹರಿವು ಒಂದು ಕಡೆಯಿಂದ ಬರುತ್ತಿರುವಾಗಲೇ ಎದುರು ಕಡೆಯಿಂದ ಹರಿಯುವ ಸಣ್ಣ ಕಾಲುವೆ ಎಂಬುದು ಅದರ ಅರ್ಥ. ಜಪಾನೀಯರಲ್ಲಿ ಇದಕ್ಕೆ "ಐಝುಚಿ" ಎಂಬ ಪದವಿದೆ, ಅದರ ಮೂಲ ಕಮ್ಮಾರನ ಕುಲುಮೆಯದು. ಕಾದ ಕಬ್ಬಿಣದ ಮೇಲೆ ಗುರು ಒಂದು ಪೆಟ್ಟು ಹೊಡೆದರೆ ಶಿಷ್ಯ ಎದುರಿನಿಂದ ಇನ್ನೊಂದು ಪೆಟ್ಟು ಹೊಡೆಯಬೇಕು, ಇಬ್ಬರ ಸುತ್ತಿಗೆಗಳ ಲಯ ಕೂಡಿದರೆ ಮಾತ್ರ ಕಬ್ಬಿಣ ಹದವಾಗುತ್ತದೆ. ಆ ಎದುರು ಪೆಟ್ಟಿಗೆ ಐಝುಚಿ ಎಂದು ಹೆಸರು. ಕೇಳುವವರ ಪಾಲನ್ನು ಇಷ್ಟು ಸರಿಯಾಗಿ ಹಿಡಿದಿಟ್ಟ ಇನ್ನೊಂದು ರೂಪಕವನ್ನು ನಾನು ಕಂಡಿಲ್ಲ.

ಎದುರು ಪೆಟ್ಟು ತಪ್ಪಿದರೆ ಏನಾಗುತ್ತದೆ? ಕೆನಡಾದ ವಿಕ್ಟೋರಿಯಾ ವಿಶ್ವವಿದ್ಯಾಲಯದ ಜಾನೆಟ್ ಬ್ಯಾವಲಸ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ಬಲು ಸರಳವಾಗಿ ತೋರಿಸಿತು. ತಮ್ಮ ಜೀವನದಲ್ಲಿ ಕೂದಲೆಳೆಯ ಅಂತರದಲ್ಲಿ ಅಪಾಯದಿಂದ ಪಾರಾದ ಪ್ರಸಂಗವನ್ನು ಒಬ್ಬರು ಹೇಳಬೇಕು, ಇನ್ನೊಬ್ಬರು ಕೇಳಬೇಕು. ಕೆಲವು ಕೇಳುಗರಿಗೆ ಸಂಶೋಧಕರು ಗುಟ್ಟಾಗಿ ಬೇರೊಂದು ಕೆಲಸ ಕೊಟ್ಟಿದ್ದರು: ಕಥೆಯಲ್ಲಿ ಇಂಗ್ಲಿಷಿನ "ಟಿ" ಅಕ್ಷರದಿಂದ ಆರಂಭವಾಗುವ ಪದ ಬಂದಾಗಲೆಲ್ಲ ಗುಂಡಿ ಒತ್ತಬೇಕು. ಈ ಕೇಳುಗರು ಪ್ರತಿಯೊಂದು ಪದವನ್ನೂ ಕಿವಿಗೊಟ್ಟು ಕೇಳುತ್ತಿದ್ದರು, ಆದರೆ ಕಥೆಯನ್ನು ಕೇಳುತ್ತಿರಲಿಲ್ಲ. ಪರಿಣಾಮ ಕಂಡದ್ದು ಕಥೆ ಹೇಳುವವರಲ್ಲಿ. ಅವರ ನಿರೂಪಣೆ ಸೊರಗಿತು, ಅದರಲ್ಲೂ ಕಥೆ ತುದಿ ಮುಟ್ಟಬೇಕಾದ ಜಾಗದಲ್ಲಿ ಅವರು ತಡವರಿಸಿದರು, ಹೇಳಿದ್ದನ್ನೇ ಸುತ್ತಿ ಸುತ್ತಿ ಹೇಳಿದರು, ತಮ್ಮ ಕಥೆ ಹೇಳಲು ಯಾಕೆ ಯೋಗ್ಯವೆಂದು ಸಮರ್ಥಿಸಿಕೊಳ್ಳತೊಡಗಿದರು.

ಬ್ಯಾವಲಸ್ ಅವರು ಕೇಳುಗರ ಸ್ಪಂದನಗಳಲ್ಲಿ ಎರಡು ಬಗೆಗಳನ್ನು ಗುರುತಿಸಿದ್ದರು. ಎಲ್ಲಿ ಬೇಕಾದರೂ ಹೊಂದುವ ಸಾಮಾನ್ಯ ಸ್ಪಂದನ ಒಂದು, ಕಥೆಯ ಆ ಕ್ಷಣಕ್ಕೆ ಮಾತ್ರ ಹೊಂದುವ ವಿಶೇಷ ಸ್ಪಂದನ ಇನ್ನೊಂದು. ನಮ್ಮ ಮಾತಿನಲ್ಲೇ ನೋಡಬಹುದು. "ಬೆಳಗಿನ ಜಾವ ಎದ್ದು ಕೊಟ್ಟಿಗೆಗೆ ಹೋದೆ," "ಹೂಂ," "ಬಾಗ್ಲು ತೆಗ್ದು ಕೈ ಹಾಕ್ತೀನಿ," "ಹೂಂ," "ಹುಲ್ಲಿನ ಕಂತೆ ಒಳಗೆ ಹಾವು," "ಅಯ್ಯೋ!" ಇಲ್ಲಿ ಮೊದಲಿನ ಎರಡು "ಹೂಂ" ಸಾಮಾನ್ಯ, ಕೊನೆಯ "ಅಯ್ಯೋ" ವಿಶೇಷ. ಹಾವಿನ ಮಾತಿಗೂ "ಹೂಂ" ಎಂದೇ ಹೇಳುವವರ ಮುಂದೆ ಯಾರಿಗೆ ತಾನೇ ಕಥೆ ಮುಂದುವರಿಸುವ ಮನಸ್ಸಾದೀತು? ಬೇರೆ ಕೆಲಸದಲ್ಲಿ ಮಗ್ನರಾಗಿದ್ದ ಕೇಳುಗರಲ್ಲಿ ಮಾಯವಾಗಿದ್ದದ್ದು ಮುಖ್ಯವಾಗಿ ಈ ವಿಶೇಷ ಸ್ಪಂದನಗಳೇ. ಅದಕ್ಕಾಗಿಯೇ ಸಂಶೋಧಕರು ಕೇಳುವವರನ್ನು ಸಹನಿರೂಪಕರು ಎಂದು ಕರೆದರು.

ಈ ಸ್ಪಂದನಗಳು ಎಲ್ಲಿ ಬೀಳಬೇಕೆಂಬುದೂ ಅಡ್ಡಾದಿಡ್ಡಿ ವಿಚಾರವಲ್ಲ. ಇಂಗ್ಲಿಷ್ ಮತ್ತು ಜಪಾನೀ ಸಂಭಾಷಣೆಗಳನ್ನು ಪರಿಶೀಲಿಸಿದ ನೈಜೆಲ್ ವಾರ್ಡ್ ಮತ್ತು ವಾತಾರು ತ್ಸುಕಹಾರ, ಹೇಳುವವರ ದನಿ ಸುಮಾರು 110 ಮಿಲಿಸೆಕೆಂಡು ತಗ್ಗಿದ ಸ್ಥಾಯಿಯಲ್ಲಿ ನಿಂತರೆ ಅದು ಕೇಳುವವರ "ಹೂಂ"ಗೆ ಆಹ್ವಾನವಾಗುತ್ತದೆ ಎಂದು 2000ದಲ್ಲಿ ತೋರಿಸಿದರು. ಅಂದರೆ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಹೊತ್ತಿನ ಸಣ್ಣ ಇಳಿತವನ್ನು ನಮ್ಮ ಕಿವಿ ಹಿಡಿಯುತ್ತದೆ, ನಮಗೆ ಅದರ ಅರಿವೂ ಇರುವುದಿಲ್ಲ. ಸರದಿ ಬದಲಾಗುವ ಹೊತ್ತಿನ ಲೆಕ್ಕ ಇನ್ನೂ ಅಚ್ಚರಿಯದು. ತಾನ್ಯಾ ಸ್ಟಿವರ್ಸ್ ಮತ್ತು ಸಂಗಡಿಗರು 10 ಭಾಷೆಗಳಲ್ಲಿ ಹೌದು-ಅಲ್ಲ ಎಂಬ ಉತ್ತರ ಬೇಡುವ ಪ್ರಶ್ನೆಗಳನ್ನು ಹೋಲಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಪ್ರಶ್ನೆ ಮುಗಿದು ಉತ್ತರ ಬರಲು ಹಿಡಿಯುವ ಸರಾಸರಿ ಕಾಲ ಸುಮಾರು 200 ಮಿಲಿಸೆಕೆಂಡು. ಜಪಾನೀ ಭಾಷೆಯಲ್ಲಿ ಅದು ಹೆಚ್ಚುಕಡಿಮೆ ಸೊನ್ನೆ, ಡ್ಯಾನಿಶ್ ಭಾಷೆಯಲ್ಲಿ ಅರ್ಧ ಸೆಕೆಂಡಿಗೆ ಹತ್ತಿರ. ಆದರೆ ಚಿತ್ರವೊಂದನ್ನು ನೋಡಿ ಅದರ ಹೆಸರನ್ನು ಬಾಯಿಗೆ ತರಲು ಮಿದುಳಿಗೆ ಸುಮಾರು 600 ಮಿಲಿಸೆಕೆಂಡು ಬೇಕು. ಎದುರಿನವರ ಮಾತು ಮುಗಿದ ಮೇಲೆ ಯೋಚಿಸತೊಡಗಿದರೆ 200 ಮಿಲಿಸೆಕೆಂಡಿನಲ್ಲಿ ಉತ್ತರ ಕೊಡುವುದು ಅಸಾಧ್ಯ. ಹಾಗಾದರೆ ಉಳಿಯುವುದು ಒಂದೇ ವಿವರಣೆ: ಕೇಳುತ್ತಿರುವಾಗಲೇ ನಾವು ಎದುರಿನವರ ವಾಕ್ಯ ಎಲ್ಲಿ ಮುಗಿಯುತ್ತದೆಂದು ಊಹಿಸಿ ನಮ್ಮ ಮಾತನ್ನು ಹದ ಮಾಡಿಟ್ಟುಕೊಂಡಿರುತ್ತೇವೆ.

ದೂರದೂರದಲ್ಲಿ ಕುಳಿತು ಪಾಡ್‌ಕಾಸ್ಟ್ ಮುದ್ರಿಸುವವರ ಕಷ್ಟ ಇಲ್ಲಿಂದ ಅರ್ಥವಾಗುತ್ತದೆ. ಎದುರುಬದುರು ಕೂತಾಗ ಸುಮಾರು 135 ಮಿಲಿಸೆಕೆಂಡು ಇದ್ದ ಸರದಿಯ ಅಂತರ ವಿಡಿಯೋ ಕರೆಯಲ್ಲಿ 487ಕ್ಕೆ ಏರಿತೆಂದು ಒಂದು ಅಧ್ಯಯನ ಅಳೆದು ತೋರಿಸಿದೆ. ಅಂತರ್ಜಾಲದ ವಿಳಂಬ ಅಷ್ಟೇನೂ ಇಲ್ಲದಿದ್ದರೂ ಲಯ ಮಾತ್ರ ಹರಿದುಹೋಗುತ್ತದೆ, ಏಕೆಂದರೆ ತಡವಾಗಿ ಬಿದ್ದ "ಹೂಂ" ಹೇಳುವವರ ಮುಂದಿನ ಪದದ ಮೇಲೆ ಬಂದು ಕೂರುತ್ತದೆ.

ಇಷ್ಟೆಲ್ಲವೂ ಒಬ್ಬರಿಗೊಬ್ಬರು ಮಾತಾಡುವವರ ವಿಚಾರವಾಯಿತು. ಬಸ್ಸಿನಲ್ಲೋ ಅಡುಗೆಮನೆಯಲ್ಲೋ ಕಿವಿಗೆ ಸಿಕ್ಕಿಸಿಕೊಂಡು ಪಾಡ್‌ಕಾಸ್ಟ್ ಕೇಳುವವರು ಹೂಂಗುಟ್ಟಿದರೂ ಹೇಳುವವರಿಗೆ ಮುಟ್ಟುವುದಿಲ್ಲ. ಅವರದು ಪಕ್ಕದಲ್ಲಿ ಕುಳಿತು ಇನ್ನೊಬ್ಬರ ಮಾತನ್ನು ಆಲಿಸುವವರ ಸ್ಥಿತಿ. ಈ ಸ್ಥಿತಿಯನ್ನೂ ವಿಜ್ಞಾನಿಗಳು ಪರೀಕ್ಷಿಸಿದ್ದಾರೆ. ಮೈಕೆಲ್ ಶೋಬರ್ ಮತ್ತು ಹರ್ಬರ್ಟ್ ಕ್ಲಾರ್ಕ್ 1989ರಲ್ಲಿ ವಿಚಿತ್ರ ಆಕಾರದ ಚಿತ್ರಗಳನ್ನು ಒಬ್ಬರು ವರ್ಣಿಸುವಂತೆ, ಇನ್ನೊಬ್ಬರು ಅದನ್ನು ಕೇಳಿ ಸರಿಯಾದ ಕ್ರಮದಲ್ಲಿ ಜೋಡಿಸುವಂತೆ ಮಾಡಿ, ಮೂರನೆಯವರಿಗೆ ಆ ಮಾತುಕತೆಯನ್ನು ಪೂರ್ತಿ ಕೇಳಿಸಿದರು. ಪ್ರತಿಯೊಂದು ಪದವೂ ಕಿವಿಗೆ ಬಿದ್ದರೂ ಮೂರನೆಯವರು ಎರಡನೆಯವರಿಗಿಂತ ಹೆಚ್ಚು ತಪ್ಪಿದರು. "ಯಾವ್ದು, ಕಾಲು ಮಡಚಿ ಕೂತಿರೋದಾ?" ಎಂದು ತಡೆದು ಕೇಳುವ ಹಕ್ಕು ಅವರಿಗಿರಲಿಲ್ಲ. ಹತ್ತು ವರ್ಷಗಳ ಬಳಿಕ ಜೀನ್ ಫಾಕ್ಸ್ ಟ್ರೀ ಇದಕ್ಕೆ ಇನ್ನೊಂದು ಪ್ರಶ್ನೆ ಸೇರಿಸಿದರು: ಆಲಿಸುವವರಿಗೆ ಒಬ್ಬರೇ ಕೊಟ್ಟ ವಿವರಣೆ ಹೆಚ್ಚು ತಿಳಿಯುತ್ತದೆಯೋ, ಇಬ್ಬರ ಮಾತುಕತೆ ಹೆಚ್ಚು ತಿಳಿಯುತ್ತದೆಯೋ? ಮಾತುಕತೆಯನ್ನು ಆಲಿಸಿದವರೇ ಸರಿಯಾದ ಚಿತ್ರವನ್ನು ಹೆಚ್ಚು ಸಲ ಗುರುತಿಸಿದರು. ನೆಟ್ಟಗೆ, ತಡೆಯಿಲ್ಲದೆ ಸಾಗುವ ವಿವರಣೆಗಿಂತ ನಡುನಡುವೆ ಪ್ರಶ್ನೆ, ಅನುಮಾನ, "ಹೂಂ"ಗಳಿರುವ ಮಾತೇ ಹೊರಗಿನ ಕಿವಿಗೂ ಹೆಚ್ಚು ಎಟಕುತ್ತದೆ.

ಭಾಷೆಯ ಕುರಿತ ಪಾಡ್‌ಕಾಸ್ಟ್‌ಗಳಲ್ಲಿ ಇದರ ರುಜುವಾತು ಸಿಗುತ್ತದೆಂದು ನನಗೆ ಅನಿಸುತ್ತದೆ. ಪಾಡ್‌ಕಾಸ್ಟಿಂಗ್ ಎಂಬ ಪದ 2004ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆಯಲ್ಲಿ ಬೆನ್ ಹ್ಯಾಮರ್ಸ್ಲಿ ಅವರ ಲೇಖನದಲ್ಲಿ ಕಾಣಿಸಿಕೊಂಡಿತು, ಮರುವರ್ಷವೇ ಅಮೆರಿಕದ ಆಕ್ಸ್‌ಫರ್ಡ್ ನಿಘಂಟು ಪಾಡ್‌ಕಾಸ್ಟನ್ನು ವರ್ಷದ ಪದವೆಂದು ಆರಿಸಿತು. ಪದಗಳ ಹುಟ್ಟು-ಪಾಡುಗಳನ್ನು ಹೇಳುವ ಹೆಲೆನ್ ಝಾಲ್ಟ್ಸ್‌ಮನ್ ಅವರ "ದಿ ಅಲ್ಯೂಷನಿಸ್ಟ್" 2015ರಲ್ಲಿಯೂ, ಕೆನಡಾದ ಗ್ರೆಚನ್ ಮೆಕಲಕ್ ಮತ್ತು ಆಸ್ಟ್ರೇಲಿಯಾದ ಲಾರೆನ್ ಗಾನ್ ಎಂಬ ಇಬ್ಬರು ಭಾಷಾವಿಜ್ಞಾನಿಗಳ "ಲಿಂಗ್‌ಥೂಸಿಯಾಸಂ" 2016ರಲ್ಲಿಯೂ ಆರಂಭವಾದವು. ಎರಡನೆಯದರಲ್ಲಿ ಇಬ್ಬರಿಗೂ ಶಾಸ್ತ್ರ ಗೊತ್ತು, ಆದರೂ ಒಬ್ಬರು ವಿವರಿಸುವಾಗ ಇನ್ನೊಬ್ಬರು ನಮ್ಮ ಪರವಾಗಿ ಹೂಂಗುಟ್ಟುತ್ತಾರೆ, ನಗುತ್ತಾರೆ, ಉದಾಹರಣೆ ಕೇಳುತ್ತಾರೆ. ವ್ಯಾಕರಣದಂತಹ ಒಣ ವಿಷಯವನ್ನು ಅರ್ಧ ಗಂಟೆ ಕೇಳುವಂತೆ ಮಾಡುವುದು ಆ ಎರಡನೆಯ ದನಿ. ಕನ್ನಡದಲ್ಲಿ "ತಲೆ-ಹರಟೆ" ಪಾಡ್‌ಕಾಸ್ಟ್ ಹರಟೆಯನ್ನು ಹೆಸರಿನಲ್ಲೇ ಇಟ್ಟುಕೊಂಡು ಬಂದಾಗ ನನಗೆ ಸಂತೋಷವಾದದ್ದು ಇದೇ ಕಾರಣಕ್ಕೆ. ಹರಟೆಗೆ ಕಡಿಮೆಯೆಂದರೂ ಇಬ್ಬರು ಬೇಕು.

ತಾಳಮದ್ದಳೆಯನ್ನು ಕೇಳಿ ಬೆಳೆದ ಕರಾವಳಿ-ಮಲೆನಾಡಿನವರಿಗೆ ಈ ಬಗೆ ಪರಿಚಿತ. ವೇಷವಿಲ್ಲ, ಕುಣಿತವಿಲ್ಲ, ಕುಳಿತಲ್ಲೇ ಮಾತಿನಿಂದ ರಣರಂಗವನ್ನೂ ರಾಜಸಭೆಯನ್ನೂ ಕಟ್ಟುವ ಅರ್ಥಧಾರಿಗೆ ಎದುರು ಅರ್ಥಧಾರಿಯ ಒಂದು ಹುಂಕಾರ, ಒಂದು ಮರುಪ್ರಶ್ನೆ ಸಾಕು, ವಾದ ಹೊಸ ದಿಕ್ಕಿಗೆ ಹೊರಳುತ್ತದೆ. ಅದರ ಕ್ಯಾಸೆಟ್ಟುಗಳನ್ನು ಮನೆಮನೆಗಳಲ್ಲಿ ಮತ್ತೆ ಮತ್ತೆ ಕೇಳುತ್ತಿದ್ದ ಕಾಲವನ್ನು ನಾನು ಕಂಡಿದ್ದೇನೆ. ಪಾಡ್‌ಕಾಸ್ಟಿನ ಕೇಳುಗರು ಆಗಲೇ ಇದ್ದರು, ಹೆಸರು ಮಾತ್ರ ಇರಲಿಲ್ಲ.

ಸ್ಟಿವರ್ಸ್ ಅವರ 10 ಭಾಷೆಗಳ ಪಟ್ಟಿಯಲ್ಲಿ ಭಾರತದ ಒಂದು ಭಾಷೆಯೂ ಇಲ್ಲ. ಧಾರವಾಡದ ಮಾತುಕತೆಯ ಅಂತರವೂ ಮೈಸೂರಿನದೂ ಒಂದೇಯೇ, ಕುಂದಾಪುರದವರು "ಹೂಂ" ಎನ್ನುವ ಜಾಗದಲ್ಲಿ ಕಲಬುರಗಿಯವರು ಏನು ಮಾಡುತ್ತಾರೆ ಎಂಬುವು ಅಳೆದೇ ಹೇಳಬೇಕಾದ ಸಂಗತಿಗಳು. ಬರೆಹ ಇದನ್ನೆಂದೂ ಉಳಿಸಿಕೊಂಡಿಲ್ಲ, ಮೊದಲೇ ಬರೆದು ಓದುವ ರೇಡಿಯೋ ಭಾಷಣದಲ್ಲಿ ಇದು ಇರುವುದೂ ಇಲ್ಲ. ಈಗ ನಡೆಯುತ್ತಿರುವ ಕನ್ನಡದ ಬಿಡುಬೀಸು ಸಂಭಾಷಣೆಗಳ ಧ್ವನಿಮುದ್ರಣಗಳಲ್ಲಿ ಇದೆ, ಅವನ್ನು ಮಾಡುವವರು ಅಳಿಸದಿದ್ದರೆ. ಒಬ್ಬೊಬ್ಬರಿಗೆ ಒಂದೊಂದು ಮೈಕು ಇಟ್ಟು ಪ್ರತ್ಯೇಕ ಟ್ರ್ಯಾಕ್‌ಗಳಲ್ಲಿ ಮುದ್ರಿಸಿ, ಕತ್ತರಿಸದ ಮೂಲ ಪ್ರತಿಯನ್ನು ತೆಗೆದಿಟ್ಟರೆ ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಸದ್ದು ಎಲ್ಲಿ ಬಿತ್ತೆಂಬುದನ್ನು ಮಿಲಿಸೆಕೆಂಡಿನ ಲೆಕ್ಕದಲ್ಲಿ ಮುಂದೆ ಯಾರಾದರೂ ಅಳೆಯಬಲ್ಲರು.

ಅತ್ತೆಯ ಕಂತಿಗೆ ನನ್ನ "ಹೂಂ"ಗಳನ್ನೆಲ್ಲ ಮರಳಿ ಸೇರಿಸಿ, ಮುಂದಿನ ಸಲ ಊರಿಗೆ ಹೋದಾಗ ಜಗುಲಿಯ ಮೇಲೆ ಫೋನಿಟ್ಟು ಕೇಳಿಸಿದೆ. ಅಡಿಕೆ ಸುಲಿಯಲು ಬಂದಿದ್ದ ಪಕ್ಕದ ಮನೆಯಾಕೆ ಮೆಟ್ಟುಗತ್ತಿಯ ಮೇಲೆ ಕೈ ಓಡಿಸುತ್ತಲೇ ಕೇಳುತ್ತಿದ್ದರು. ಬೇಯಿಸಿ ಹರವಿದ ಅಡಿಕೆಯ ಮೇಲೆ ಅಕಾಲದ ಮಳೆ ಬಿದ್ದ ವರ್ಷದ ಕಥೆ ಬಂದಾಗ ಫೋನಿನೊಳಗಿನ ನಾನು "ಅಯ್ಯೋ" ಎಂದೆ, ಆಕೆಯ ಕೈ ನಿಂತಿತು, "ಆಮೇಲೆ?" ಎಂದು ಫೋನಿನ ಕಡೆಗೆ ತಿರುಗಿ ಕೇಳಿದರು. ಧ್ವನಿಮುದ್ರಣ ಬಾಯಿ ತೆರೆಯುವ ಮೊದಲೇ ಮನೆಯೊಳಗಿನಿಂದ ಅತ್ತೆ ಉತ್ತರ ಕೊಟ್ಟಾಗಿತ್ತು.