ಮುಚ್ಚಿದ್ದು ವಿಂಡೋ, ನಿಂತದ್ದು ಯಾವುದು?

ವಿಂಡೋಸ್‌ನಿಂದ ಮ್ಯಾಕ್‌ಗೆ ಹೊಸದಾಗಿ ಬಂದವರ ಡಾಕ್ (ತಂತ್ರಾಂಶಗಳ ಐಕಾನ್‌ಗಳ ಸಾಲು) ನೋಡಿ: ಐಕಾನ್‌ಗಳ ಕೆಳಗೆ ಸಾಲು ಚುಕ್ಕೆಗಳು. ಕೆಂಪು ಗುಂಡಿ ಒತ್ತಿ ಮುಚ್ಚಿದೆವು ಅಂದುಕೊಂಡ ವರ್ಡ್, ಎಕ್ಸೆಲ್ ಎಲ್ಲ ಇನ್ನೂ ಓಡುತ್ತಿವೆ ಎಂದು ಅದರರ್ಥ. ಆ ಗುಂಡಿ ಮುಚ್ಚುವುದು ವಿಂಡೋವನ್ನು ಮಾತ್ರ. ತಂತ್ರಾಂಶವೇ ನಿಲ್ಲಬೇಕಾದರೆ ಕಮಾಂಡ್+ಕ್ಯೂ ಒತ್ತಬೇಕು. ಸಿಸ್ಟಂ ಸೆಟ್ಟಿಂಗ್ಸ್‌ನಂಥ ಕೆಲವು ಮಾತ್ರ ವಿಂಡೋ ಜೊತೆಗೇ ನಿಲ್ಲುತ್ತವೆ, ಗೊಂದಲ ಸಾಲದು ಎಂಬಂತೆ.

ಯಾವ ಡೆಸ್ಕ್‌ಟಾಪ್ ಸುಲಭ ಎಂಬ ಚರ್ಚೆ ಸಾಮಾನ್ಯವಾಗಿ ಬಣ್ಣ, ಐಕಾನ್‌ಗಳ ಸುತ್ತ ಸುತ್ತುತ್ತದೆ. ಅದು ಎರಡು ದಿನದಲ್ಲಿ ಒಗ್ಗಿಹೋಗುವ ವಿಷಯ. ಕೈ ತಡವರಿಸುವುದು ಬೇರೆಡೆ: ವಿಂಡೋಸ್ ಲೆಕ್ಕ ಇಡುವುದು ವಿಂಡೋಗಳದ್ದು, ಮ್ಯಾಕ್ ಲೆಕ್ಕ ಇಡುವುದು ತಂತ್ರಾಂಶಗಳದ್ದು. ಮೂರು ವರ್ಡ್ ಕಡತ, ಒಂದು ಬ್ರೌಸರ್ ವಿಂಡೋ ತೆರೆದಿದ್ದರೆ ಆಲ್ಟ್+ಟ್ಯಾಬ್ ಆ ನಾಲ್ಕನ್ನೂ ಬೇರೆಬೇರೆಯಾಗಿ ತೋರಿಸುತ್ತದೆ. ಕಮಾಂಡ್+ಟ್ಯಾಬ್‌ಗೆ ಅವು ಎರಡೇ. ವರ್ಡ್‌ನ ಒಂದು ಕಡತದಿಂದ ಇನ್ನೊಂದಕ್ಕೆ ಹೋಗಲು ಕಮಾಂಡ್ ಜೊತೆ ಟ್ಯಾಬ್‌ನ ಮೇಲಿನ ಕೀಲಿ ಬೇಕು. ಹಳದಿ ಗುಂಡಿಯಿಂದ ಕೆಳಗಿಳಿಸಿದ ವಿಂಡೋ ಕಮಾಂಡ್+ಟ್ಯಾಬ್ ಮಾಡಿದರೂ ಮೇಲೇಳುವುದಿಲ್ಲ. ‘ಫೈಲ್ ಮಾಯವಾಯಿತು’ ಎಂಬ ದೂರಿನ ಹಿಂದೆ ಹಲವು ಸಲ ಇರುವುದು ಇದೇ. ತಂತ್ರಾಂಶವನ್ನು ಆರಿಸಿ, ಆಪ್ಷನ್ ಕೀಲಿ ಒತ್ತಿಹಿಡಿದು ಕಮಾಂಡ್ ಬಿಟ್ಟರೆ ಅದು ಮರಳುತ್ತದೆ. ಇಳಿಸುವ ಬದಲು ಕಮಾಂಡ್+ಎಚ್‌ನಿಂದ ಮರೆಮಾಡುವ ರೂಢಿಯೇ ವಾಸಿ.

ಲಿನಕ್ಸ್‌ನ ಡೆಸ್ಕ್‌ಟಾಪ್‌ಗಳಲ್ಲಿ ಕೆಡಿಇ ಪ್ಲಾಸ್ಮಾ ಎಂಬುದು ವಿಂಡೋಸ್‌ನ ದಾರಿ ಹಿಡಿದರೆ, ಗ್ನೋಮ್ ಎಂಬುದು ಮೂಲರೂಪದಲ್ಲಿ ಮ್ಯಾಕ್‌ನ ದಾರಿಯಲ್ಲಿದೆ. ಹಿಡಿಸದಿದ್ದರೆ ಸೆಟ್ಟಿಂಗ್ಸ್‌ನ ಕೀಬೋರ್ಡ್ ಶಾರ್ಟ್‌ಕಟ್‌ಗಳಲ್ಲಿ ನ್ಯಾವಿಗೇಶನ್ ತೆರೆದು ‘ಸ್ವಿಚ್ ವಿಂಡೋಸ್’ಗೆ ಆಲ್ಟ್+ಟ್ಯಾಬ್ ಕೊಡಿ. ಅದು ಬೇರೆಡೆ ಬಳಕೆಯಲ್ಲಿದೆ ಎಂದು ಎಚ್ಚರಿಸಿದಾಗ ‘ರಿಪ್ಲೇಸ್’ ಒತ್ತಿ.

ಕನ್ನಡ ಬೆರಳಚ್ಚಿಸುವವರನ್ನು ಇದೇ ಪ್ರಶ್ನೆ ಇನ್ನಷ್ಟು ಕಾಡುತ್ತದೆ. ಭಾಷೆ ಬದಲಾದದ್ದು ಈ ವಿಂಡೋದಲ್ಲೋ, ಇಡೀ ಯಂತ್ರದಲ್ಲೋ? ವಿಂಡೋಸ್ 7ರವರೆಗೆ ಪ್ರತಿ ವಿಂಡೋ ತನ್ನ ಭಾಷೆಯನ್ನು ನೆನಪಿಡುತ್ತಿತ್ತು; ವಿಂಡೋಸ್ 8ರಿಂದ ಎಲ್ಲಕ್ಕೂ ಒಂದೇ. ಹಾಗಾಗಿ ಪತ್ರವನ್ನು ಕನ್ನಡದಲ್ಲಿ ಬರೆಯುತ್ತ ಬ್ರೌಸರ್‌ಗೆ ಹೋದರೆ ವಿಳಾಸ ಬರೆಯುವ ಜಾಗದಲ್ಲೂ ಕನ್ನಡ ಮೂಡುತ್ತದೆ. ವಿಂಡೋಸ್ 11ರಲ್ಲಿ ಹಳೆಯ ವರ್ತನೆ ಬೇಕಿದ್ದರೆ ಸೆಟ್ಟಿಂಗ್ಸ್, ಟೈಮ್ ಅಂಡ್ ಲ್ಯಾಂಗ್ವೇಜ್, ಟೈಪಿಂಗ್, ಅಡ್ವಾನ್ಸ್ಡ್ ಕೀಬೋರ್ಡ್ ಸೆಟ್ಟಿಂಗ್ಸ್ ಎಂದು ಇಳಿದು, ಪ್ರತಿ ವಿಂಡೋಗೂ ಬೇರೆ ಇನ್‌ಪುಟ್ ವಿಧಾನ ಬಳಸುವ ಆಯ್ಕೆಗೆ ಗುರುತು ಹಾಕಬೇಕು. ಇಷ್ಟು ಒಳಗೆ ಹೂತಿಡುವಂಥದ್ದೇನೂ ಅಲ್ಲ. ಗ್ನೋಮ್‌ನಲ್ಲಿ ಇದು ಕೀಬೋರ್ಡ್ ಪುಟದಲ್ಲೇ ಕಣ್ಣಿಗೆ ಬೀಳುತ್ತದೆ. ಮ್ಯಾಕ್‌ನಲ್ಲಿ ಇನ್‌ಪುಟ್ ಸೋರ್ಸಸ್‌ನ ‘ಎಡಿಟ್’ ಒಳಗಿದ್ದು, ಕಡತಕ್ಕೆ ತಕ್ಕಂತೆ ಭಾಷೆ ಬದಲಿಸುತ್ತದೆ.

ಆದರೆ ವಿಂಡೋಸ್‌ನಲ್ಲಾಗಲಿ ಗ್ನೋಮ್‌ನಲ್ಲಾಗಲಿ ಬ್ರೌಸರ್‌ನ ಹತ್ತು ಟ್ಯಾಬ್‌ಗಳು ಸೇರಿ ಒಂದೇ ವಿಂಡೋ. ಒಂದರಲ್ಲಿ ಕನ್ನಡ ಮೇಲ್, ಇನ್ನೊಂದರಲ್ಲಿ ಇಂಗ್ಲಿಷ್ ಹುಡುಕಾಟ ಇದ್ದರೆ ಈ ಆಯ್ಕೆಯಿಂದ ಪ್ರಯೋಜನವಿಲ್ಲ. ಮೇಲ್ ಇರುವ ಟ್ಯಾಬನ್ನು ಎಳೆದು ಬೇರೆ ವಿಂಡೋ ಮಾಡಿಕೊಳ್ಳಿ.