ಗಣಿಯಲ್ಲಿ ಅದಿರು ತುಂಬಿದೆ, ಶೇರು ಯಾಕೆ ಬಿತ್ತು?

ಪ್ರಶ್ನೆ: ನಾನಿರೋದು ವಾಸ್ಕೋದಲ್ಲಿ, ಊರು ಗದಗ ಕಡೆ. ಒಂದು ಗಣಿ ಕಂಪನಿಯ ಶೇರು ತಗೊಂಡಿದ್ದೆ. ಕಂಪನಿಗೆ ಲಾಭ ಬಂದಿದೆ ಅಂತ ಪೇಪರಿನಲ್ಲಿ ಓದಿದೆ, ಅದಿರೂ ಬೇಕಾದಷ್ಟಿದೆಯಂತೆ. ಆದರೂ ಶೇರು ಬೀಳ್ತಿದೆ. ಯಾಕೆ?

ಉತ್ತರ: ನಿಮ್ಮೂರಿನ ಉಳ್ಳಾಗಡ್ಡಿ ನೆನಪು ಮಾಡಿಕೊಳ್ಳಿ. ಬೆಳೆ ಜೋರಾಗಿ ಬಂದ ವರ್ಷವೇ ರೈತ ತಲೆ ಮೇಲೆ ಕೈ ಹೊತ್ತು ಕೂರೋದು, ಅಲ್ವಾ? ಹೊಲ ಅವನದು, ದರ ಅವನದಲ್ಲ. ಗಣಿ ಕಂಪನಿಯ ಪಾಡೂ ಅದೇ. ಕಬ್ಬಿಣದ ಅದಿರನ್ನು ಎಲ್ಲರಿಗಿಂತ ಜಾಸ್ತಿ ಕೊಳ್ಳೋದು ಚೀನಾ. ಅಲ್ಲಿ ಕಟ್ಟಡದ ಕೆಲಸ ತಣ್ಣಗಾದರೆ ಇಲ್ಲಿ ಶೇರು ನಡುಗುತ್ತದೆ.

ದರ ಸ್ವಲ್ಪ ಇಳಿದರೆ ಲಾಭವೂ ಸ್ವಲ್ಪವೇ ಇಳಿಯುತ್ತದೆ ಅಂದುಕೊಳ್ಳಬೇಡಿ. ಸುಮ್ನೆ ಲೆಕ್ಕಕ್ಕೆ ಹೇಳ್ತೀನಿ. ಒಂದು ಟನ್ ಅದಿರಿಗೆ 5000 ರೂಪಾಯಿ ಸಿಗುತ್ತದೆ, ಅಗೆದು ಸಾಗಿಸೋಕೆ 3500 ಖರ್ಚು. ಉಳಿಯೋದು 1500. ಈಗ ದರ 4500ಕ್ಕೆ ಬಂತು. ಡೀಸೆಲ್, ಟಿಪ್ಪರ್ ಬಾಡಿಗೆ, ಕೂಲಿ ಯಾವುದೂ ಇಳಿಯಲಿಲ್ಲ. ಉಳಿಯೋದು 1000. ದರದಲ್ಲಿ ಹೋಗಿದ್ದು ಹತ್ತರಲ್ಲಿ ಒಂದು ಪಾಲು, ಲಾಭದಲ್ಲಿ ಹೋಗಿದ್ದು ಮೂರರಲ್ಲಿ ಒಂದು ಪಾಲು! ನೀವು ಪೇಪರಿನಲ್ಲಿ ಓದಿದ್ದು ಮುಗಿದುಹೋದ ಮೂರು ತಿಂಗಳ ಲಾಭ. ಪೇಟೆಯ ಕಣ್ಣು ಮುಂದಿನ ತಿಂಗಳುಗಳ ಮೇಲಿರುತ್ತದೆ.

ಇನ್ನು ಅದಿರು ಇದ್ದ ಮಾತ್ರಕ್ಕೆ ಆಗೋದಿಲ್ಲ ಅನ್ನೋದನ್ನು ಗೋವಾದಲ್ಲಿರುವ ನಿಮಗೆ ನಾನು ಹೇಳಬೇಕಾ? 2012ರಲ್ಲಿ ಗಣಿಗಳು ಒಮ್ಮೆ ನಿಂತಿದ್ದವು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ 88 ಗುತ್ತಿಗೆಗಳ ನವೀಕರಣವನ್ನೇ ರದ್ದು ಮಾಡಿತು. ಮಾರ್ಚ್ 16ರಿಂದ ಕೆಲಸ ಬಂದ್. ಅದಿರು ನೆಲದೊಳಗೆ ಇದ್ದಲ್ಲೇ ಇತ್ತು, ತೆಗೆಯೋ ಹಕ್ಕು ಹೋಗಿತ್ತು.

ಸರ್ಕಾರದ ಒಂದು ಆದೇಶವೂ ಸಾಕು. 2022ರ ಮೇನಲ್ಲಿ ಕೇಂದ್ರವು ಅದಿರಿನ ರಫ್ತು ಸುಂಕವನ್ನು ಶೇ. 50ಕ್ಕೆ ಏರಿಸಿತು. ಮುಂದಿನ ಸೋಮವಾರ ಕೇಂದ್ರ ಸರ್ಕಾರದ್ದೇ ಗಣಿ ಕಂಪನಿಯಾದ ಎನ್‌ಎಂಡಿಸಿ ಶೇರು ಒಂದೇ ದಿನ ಶೇ. 10ಕ್ಕಿಂತ ಜಾಸ್ತಿ ಬಿತ್ತು. ತಮಾಷೆ ಅಂದರೆ, ನಮ್ಮ ಸಂಡೂರಿನ ದೋಣಿಮಲೈಯಲ್ಲೂ ಗಣಿ ಇರುವ ಈ ಕಂಪನಿ ಹೆಚ್ಚಿನ ಅದಿರನ್ನು ಮಾರೋದು ದೇಶದೊಳಗೇ. ಮತ್ಯಾಕೆ ಬಿತ್ತು? ಹೊರಗೆ ಹೋಗದ ಮಾಲು ಒಳಗೇ ಸುರಿಯುತ್ತದೆ, ದರ ಕುಸಿಯುತ್ತದೆ. ಉಳ್ಳಾಗಡ್ಡಿ ರಫ್ತು ನಿಲ್ಲಿಸಿದಾಗಲೂ ಇದೇ ಕಥೆ. ಆ ಸುಂಕವನ್ನು ನವೆಂಬರಿನಲ್ಲಿ ಇಳಿಸಿದರು ಅನ್ನಿ.

ಕೆಲವೊಮ್ಮೆ ಶೇರು ಬಿದ್ದಂತೆ ಕಾಣುತ್ತದೆ, ಬಿದ್ದಿರೋದಿಲ್ಲ. 2024ರ ಡಿಸೆಂಬರಿನಲ್ಲಿ ಎನ್‌ಎಂಡಿಸಿ ಒಂದು ಶೇರಿಗೆ ಎರಡು ಬೋನಸ್ ಶೇರು ಪುಕ್ಕಟೆ ಕೊಟ್ಟಿತು. ಒಂದಿದ್ದ ಶೇರು ಮೂರಾಯಿತು, ಕಂಪನಿ ಮಾತ್ರ ಅಷ್ಟೇ. ಹಾಗಾಗಿ ಒಂದೊಂದು ಶೇರಿನ ಬೆಲೆ ರಾತ್ರೋರಾತ್ರಿ ಸುಮಾರು ಮೂರನೇ ಒಂದು ಪಾಲಾಯಿತು. ನನ್ನ ಷಡ್ಡಕರು ಬೆಳಿಗ್ಗೆಯೇ ಫೋನ್ ಮಾಡಿ, "ಮುಳುಗಿದ್ವಿ" ಅಂದರು. ಬೋನಸ್ ಶೇರು ಖಾತೆಗೆ ಬರೋದು ತುಸು ತಡ, ಅಷ್ಟರಲ್ಲಿ ಆಪ್ ತುಂಬ ಕೆಂಪು. ಡಿವಿಡೆಂಡ್, ಅಂದರೆ ಕಂಪನಿ ಶೇರುದಾರರಿಗೆ ಹಂಚುವ ಲಾಭದ ಪಾಲು, ಬೆಲೆಯಿಂದ ಕಳೆಯುವ ದಿನವೂ ಬೆಲೆ ಅಷ್ಟರಮಟ್ಟಿಗೆ ತಗ್ಗುತ್ತದೆ. ನಿಮ್ಮದು ಒಂದೇ ದಿನದಲ್ಲಿ ಬಿದ್ದಿದ್ದರೆ ಮೊದಲು ಅದನ್ನು ನೋಡಿ. ತಿಂಗಳುಗಟ್ಟಲೆ ಇಳಿಯುತ್ತಿದ್ದರೆ ಅದಿರಿನ ದರ ನೋಡಿ.