ಮಾತುಗಾರ ಬೇರೆ, ವಾಚಾಳಿ ಬೇರೆ

ಶಿರಸಿಯಲ್ಲಿ ಕನ್ನಡ ಪಾಠ ಮಾಡುವ ನನಗೆ ಮಕ್ಕಳ ಬರಹ ತಿದ್ದುವುದು ನಿತ್ಯದ ಕೆಲಸ. ಮೊನ್ನೆ ತಾಳಮದ್ದಳೆಯಲ್ಲಿ, ಅಂದರೆ ವೇಷವಿಲ್ಲದೆ ಕೂತು ನಡೆಸುವ ಯಕ್ಷಗಾನದಲ್ಲಿ, ಪಾತ್ರದ ಮಾತು ಆಡುವ ಅರ್ಥಧಾರಿಯೊಬ್ಬರ ಬಗ್ಗೆ ಒಬ್ಬಳು ಬರೆದಿದ್ದಳು: ‘ಇವರು ನಮ್ಮ ಸೀಮೆಯ ಹೆಸರಾಂತ ವಾಚಾಳಿ.’ ಹೊಗಳಬೇಕು ಅಂತಲೇ ಬರೆದದ್ದು. ‘ಮಾತುಗಾರ’ ತೀರಾ ಸಾದಾ ಆಯಿತು, ಸಂಸ್ಕೃತದ ಶಬ್ದಕ್ಕೆ ತೂಕ ಜಾಸ್ತಿ ಅಂದುಕೊಂಡಿದ್ದಳು.

ಆದರೆ ಸಂಸ್ಕೃತವೇ ಇದನ್ನು ಒಪ್ಪುವುದಿಲ್ಲ. ಪಾಣಿನಿಯ ಸಂಸ್ಕೃತ ವ್ಯಾಕರಣದ ಐದನೇ ಅಧ್ಯಾಯದಲ್ಲಿ ಬೆನ್ನಬೆನ್ನಿಗೆ ಎರಡು ಸೂತ್ರಗಳಿವೆ. ಒಂದರಿಂದ ‘ವಾಗ್ಮಿ’, ಇನ್ನೊಂದರಿಂದ ‘ವಾಚಾಲ’, ಅಂದರೆ ನಮ್ಮ ವಾಚಾಳಿ. ಎರಡಕ್ಕೂ ಮೂಲ ‘ವಾಕ್’, ಅಂದರೆ ಮಾತು. ಸೂತ್ರದ ಪ್ರಕಾರ ವಾಚಾಲ ಅಂದರೆ ಬಹಳ ಮಾತಾಡುವವನು, ಅಷ್ಟೇ. ಆಮೇಲೆ ಸೂತ್ರಕ್ಕೆ ಸೇರಿದ ವಾರ್ತಿಕ, ಅಂದರೆ ಪೂರಕ ಟಿಪ್ಪಣಿ, ಒಂದು ಷರತ್ತು ಹಾಕಿತು: ನಿಂದೆ ಇದ್ದರೆ ಮಾತ್ರ ಈ ರೂಪ. ಎಷ್ಟೇ ಮಾತಾಡಲಿ, ಚೆನ್ನಾಗಿ ಆಡಿದರೆ ಅವನು ವಾಗ್ಮಿಯೇ. ಹಾಗಾಗಿ ರಾತ್ರಿಯಿಡೀ ಅರ್ಥ ಹೇಳಿದರೂ ಒಳ್ಳೆಯ ಅರ್ಥಧಾರಿ ವಾಚಾಳಿ ಆಗುವುದಿಲ್ಲ. ‘ಏನು ಮಾತುಗಾರಿಕೆ ಮಾರಾಯ!’ ಅಂತ ನಮ್ಮ ಜನ ತಲೆದೂಗುತ್ತಾರಲ್ವಾ, ಅರ್ಥಧಾರಿಗೆ ಸಲ್ಲುವುದು ಆ ಮಾತೇ.

ಕನ್ನಡದಲ್ಲಿ ಶಬ್ದದ ಬಾಲ ನೋಡಿದರೆ ಎಷ್ಟೋ ಸಲ ಆಡುವವರ ಮನಸ್ಸು ತಿಳಿಯುತ್ತದೆ. ‘ಗಾರ’ ಹೆಚ್ಚಾಗಿ ಕಸುಬು ಬಲ್ಲವನಿಗೆ: ಹಾಡುಗಾರ, ಮಾತುಗಾರ. ‘ಕೋರ’ ಪಾರ್ಸಿಯಿಂದ ಬಂದದ್ದು. ಅಲ್ಲಿ ‘ಖೋರ್’ ಅಂದರೆ ತಿನ್ನುವವನು. ಲಂಚಕೋರ, ಚಾಡಿಕೋರರ ಸಾಲಿಗೆ ಪಾಪ, ಹರಟೆಕೋರನೂ ಸೇರಿಕೊಂಡ. ಅವನನ್ನೇ ‘ಹರಟೆಮಲ್ಲ’ ಅಂದುನೋಡಿ, ಸ್ವಲ್ಪ ಸಲುಗೆ ಬರುತ್ತದೆ. ಬಾಯಿಬಡುಕ ಅನ್ನುವಾಗ ಮಾತ್ರ ಬಡಿಯುವ ಸದ್ದೇ ಕಿವಿಗೆ ರಾಚುತ್ತದೆ.

ಸುಮ್ನೆ ಕೂತು ಆಡುವ ಮಾತಿಗೆ ನಮ್ಮ ಜಿಲ್ಲೆಯಲ್ಲಿ ಬೈಗುಳವಿಲ್ಲದ ಹೆಸರುಗಳಿವೆ. ಘಟ್ಟದ ಮೇಲೆ ಕವಳ (ಎಲೆಅಡಿಕೆ) ಹಾಕಿಕೊಂಡು ಜಗಲಿಯಲ್ಲಿ ಕೂತರೆ ಪಟ್ಟಾಂಗ. ಕಾರವಾರಕ್ಕೆ ಇಳಿದರೆ ಕೊಂಕಣಿಯ ಗಜಾಲಿ.

ನನಗೆ ಸಿಟ್ಟು ಬರುವುದು ‘ಬಜಾರಿ’ ಶಬ್ದ ಕಂಡಾಗ. ಅದೂ ಪಾರ್ಸಿಯ ಬಜಾರಿನಿಂದಲೇ ಬಂದದ್ದು, ಪೇಟೆಯ ನಂಟಿನದು. ಕಾರವಾರದ ಮೀನುಪೇಟೆಯಲ್ಲಿ ದನಿ ಎತ್ತದೆ ಬಂಗುಡೆ ಮಾರಲು ಆಗುತ್ತದೆಯೇ? ಅದೇ ದನಿ ಗಂಡಸಿನದಾದರೆ ಅವನು ಚುರುಕಿನ ವ್ಯಾಪಾರಿ, ಹೆಂಗಸಿನದಾದರೆ ಬಜಾರಿ! ಪ್ರಬಂಧದಲ್ಲಿ ಈ ಶಬ್ದ ಬಂದರೆ ನಾನು ಹೊಡೆದುಹಾಕುವುದಿಲ್ಲ. ಪಕ್ಕದಲ್ಲಿ ಒಂದು ಪ್ರಶ್ನೆ ಬರೆಯುತ್ತೇನೆ: ‘ಇದೇ ಮಾತನ್ನು ಅವಳ ಅಣ್ಣ ಆಡಿದ್ದರೆ ಏನೆಂದು ಬರೆಯುತ್ತಿದ್ದೆ?’